ಟವರ್ ಇದೆ, ನೆಟ್ ಇಲ್ಲ: ವಿದೇಶದಲ್ಲಿ ಮೊಬೈಲ್ ಡೇಟಾ ಯಾಕೆ ಇಷ್ಟು ಕಾಡುತ್ತದೆ?

ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣದಲ್ಲಿ ವಿಮಾನ ನಿಂತ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಫೋನಿನ ಏರೋಪ್ಲೇನ್ ಮೋಡ್ ತೆಗೆಯುವುದು. ಕಡ್ಡಿಗಳು ಮೂಡುತ್ತವೆ, ಥಾಯ್ ಕಂಪನಿಯೊಂದರ ಹೆಸರು ಕಾಣಿಸುತ್ತದೆ, ಸ್ವಾಗತ ಕೋರುವ ಎಸ್ಸೆಮ್ಮೆಸ್ಸೂ ಬರುತ್ತದೆ. ವಾಟ್ಸಾಪ್ ಮಾತ್ರ ‘ಕನೆಕ್ಟಿಂಗ್’ ಎನ್ನುತ್ತಲೇ ಇರುತ್ತದೆ. ಹೋಟೆಲ್ಲಿನ ವಿಳಾಸ ಮೇಲ್‌ನಲ್ಲಿದೆ. ಟ್ಯಾಕ್ಸಿ ಬೇಕಾದರೆ ಆ್ಯಪ್ ತೆರೆಯಬೇಕು. 2025ರ ಮೇ 1ರಿಂದ ಥಾಯ್ಲೆಂಡ್ ಕಡ್ಡಾಯ ಮಾಡಿರುವ ಡಿಜಿಟಲ್ ಆಗಮನ ಕಾರ್ಡೂ ಮೇಲ್‌ನಲ್ಲೇ ಕುಳಿತಿದೆ. ನಿಲ್ದಾಣದ ವೈಫೈ ಹಿಡಿಯೋಣ ಎಂದರೆ ಕೆಲವು ಕಡೆ ಅದಕ್ಕೂ ಮೊಬೈಲಿಗೆ ಬರುವ ಓಟಿಪಿ ಬೇಕು.

ದುಬೈಗೆ ನಾಲ್ಕು ದಿನಕ್ಕೆ ಹೋಗುವವರು, ಮುಕ್ತಿನಾಥ ಯಾತ್ರೆಗೆ ಹೊರಟವರು, ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮ, ಎಲ್ಲರಿಗೂ ಇದು ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತದೆ. ಸಿಗ್ನಲ್ ಸಿಗುವುದು, ಡೇಟಾ ಹರಿಯುವುದು, ಆ ಡೇಟಾಕ್ಕೆ ನ್ಯಾಯವಾದ ದರ ಬೀಳುವುದು, ಈ ಮೂರೂ ಬೇರೆ ಬೇರೆ ಸಂಗತಿಗಳು. ಮೂರನ್ನೂ ಒಂದೇ ಎಂದುಕೊಂಡಾಗಲೇ ಪರದಾಟ ಹೆಚ್ಚುವುದು. ತೊಂದರೆ ಯಾವ ಹಂತದಲ್ಲಿದೆ ಎಂದು ಗೊತ್ತಾದರೆ ಬಹಳಷ್ಟು ಸಲ ನಾವೇ ಸರಿ ಮಾಡಿಕೊಳ್ಳಬಹುದು. ಹಾಗಾಗಿ ಬುಡದಿಂದಲೇ ನೋಡೋಣ.

ರೋಮಿಂಗ್: ಎರಡು ಅಂಗಡಿಗಳ ನಡುವಿನ ಉದ್ರಿ

ನಿಮ್ಮೂರಿನ ಕಿರಾಣಿ ಅಂಗಡಿಯಲ್ಲಿ ನಿಮ್ಮ ಹೆಸರಿನದೊಂದು ಉದ್ರಿ ಪುಸ್ತಕ ಇದೆ ಎಂದುಕೊಳ್ಳಿ. ಪರ ಊರಿಗೆ ಹೋದಾಗ ಅಲ್ಲಿನ ಅಂಗಡಿಯ ಮುಂದೆ ನಿಂತು ‘ನನಗೂ ಉದ್ರಿ ಕೊಡಿ’ ಎನ್ನುತ್ತೀರಿ. ಆ ಅಂಗಡಿಯವರಿಗೆ ನಿಮ್ಮ ಪರಿಚಯವಿಲ್ಲ. ಅವರು ನಿಮ್ಮೂರಿನ ಅಂಗಡಿಗೆ ಫೋನ್ ಹಚ್ಚಿ ‘ಇವರು ನಿಮ್ಮ ಗಿರಾಕಿಯೇ? ಸಾಮಾನು ಕೊಡಬಹುದೇ?’ ಎಂದು ಕೇಳುತ್ತಾರೆ. ಹೂಂ ಎಂಬ ಉತ್ತರ ಬಂದರೆ ಕೊಡುತ್ತಾರೆ. ತಿಂಗಳ ಕೊನೆಗೆ ಎರಡು ಅಂಗಡಿಗಳು ತಮ್ಮತಮ್ಮಲ್ಲೇ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತವೆ. ನಿಮ್ಮೂರಿನ ಅಂಗಡಿಯವರು ತಮ್ಮ ಲಾಭ ಸೇರಿಸಿ ನಿಮ್ಮಿಂದ ವಸೂಲು ಮಾಡುತ್ತಾರೆ.

ರೋಮಿಂಗ್ ಎಂದರೆ ಇಷ್ಟೇ. ನಿಮ್ಮ ಸಿಮ್ಮಿನೊಳಗೆ ನಿಮ್ಮ ಮೊಬೈಲ್ ನಂಬರಿಗಿಂತ ಬೇರೆಯೇ ಆದ, ಹೆಚ್ಚೆಂದರೆ 15 ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶದ ಸಂಕೇತ. ಭಾರತದ ಸಿಮ್ಮುಗಳಲ್ಲಿ ಅದು ಸಾಮಾನ್ಯವಾಗಿ 404 ಅಥವಾ 405. ಯುಎಇಗೆ 424, ಥಾಯ್ಲೆಂಡಿಗೆ 520, ಸಿಂಗಪುರಕ್ಕೆ 525. ಮುಂದಿನ ಎರಡು ಮೂರು ಅಂಕಿ ಕಂಪನಿ ಯಾವುದೆಂದು ಹೇಳುತ್ತವೆ. ಬ್ಯಾಂಕಾಕಿನ ಟವರ್ ನಿಮ್ಮ ಸಿಮ್ಮಿನಲ್ಲಿ 404 ಎಂದು ಓದಿದ ತಕ್ಷಣ ಭಾರತದಲ್ಲಿರುವ ನಿಮ್ಮ ಕಂಪನಿಯ ಗ್ರಾಹಕರ ದಾಖಲೆಗೆ ವಿಚಾರಣೆ ಕಳಿಸುತ್ತದೆ: ಈ ಸಿಮ್ ಚಾಲ್ತಿಯಲ್ಲಿದೆಯೇ, ಇದಕ್ಕೆ ವಿದೇಶದಲ್ಲಿ ಸೇವೆ ಕೊಡಲು ಅನುಮತಿ ಇದೆಯೇ, ಕರೆಗೆ ಮಾತ್ರವೋ ಡೇಟಾಕ್ಕೂ ಉಂಟೋ? ಎರಡು ಕಂಪನಿಗಳ ನಡುವೆ ಮೊದಲೇ ಒಪ್ಪಂದ ಆಗಿದ್ದರಷ್ಟೇ ಈ ವಿಚಾರಣೆಗೆ ಉತ್ತರ ಸಿಗುತ್ತದೆ. ಇಂಥ ಮೊದಲ ಒಪ್ಪಂದ ಆಗಿದ್ದು 1992ರಲ್ಲಿ, ಫಿನ್ಲೆಂಡ್ ಮತ್ತು ಬ್ರಿಟನ್ನಿನ ಎರಡು ಕಂಪನಿಗಳ ನಡುವೆ. ವ್ಯವಸ್ಥೆಯ ಎಲುಬುಗೂಡು ಇಂದಿಗೂ ಅದೇ.

ಹನ್ನೆರಡು ವರ್ಷಗಳ ಹಿಂದೆ ಬೆಳಗಾವಿಯವರು ಕೊಲ್ಹಾಪುರಕ್ಕೆ ಹೋದರೂ ರೋಮಿಂಗ್ ದುಡ್ಡು ಬೀಳುತ್ತಿತ್ತು. ದೇಶದೊಳಗಿನ ಆ ಶುಲ್ಕ ನಿಂತು ಹೋದ ಮೇಲೆ ಫೋನ್ ಹಿಡಿದವರಿಗೆ ರೋಮಿಂಗ್ ಎಂಬುದರ ಬಿಸಿ ತಟ್ಟುವುದು ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ಮೇಲೆಯೇ.

ಇಳಿದ ಮೇಲಿನ ಮೊದಲ ಕೆಲವು ನಿಮಿಷ

ಒಂದೊಂದು ದೇಶದಲ್ಲೂ ಎರಡು, ಮೂರು, ನಾಲ್ಕು ಮೊಬೈಲ್ ಕಂಪನಿಗಳಿರುತ್ತವೆ. ನಿಮ್ಮ ಫೋನು ತನಗೆ ಸಿಕ್ಕ ಬಲವಾದ ಸಿಗ್ನಲ್ಲಿಗೆ ಅಂಟಿಕೊಳ್ಳಲು ನೋಡುತ್ತದೆ. ಆದರೆ ನಿಮ್ಮ ಭಾರತೀಯ ಕಂಪನಿಗೆ ಅಲ್ಲಿ ಒಬ್ಬ ಮೆಚ್ಚಿನ ಪಾಲುದಾರ ಇರುತ್ತಾನೆ, ಅವನ ಜೊತೆ ದರ ಕಡಿಮೆಗೆ ಕುದುರಿರುತ್ತದೆ. ಫೋನು ಬೇರೆ ಕಂಪನಿಯ ಬಾಗಿಲು ತಟ್ಟಿದರೆ ಭಾರತದಿಂದಲೇ ‘ಬೇಡ’ ಎಂಬ ಉತ್ತರ ಹೋಗುತ್ತದೆ. ಫೋನು ಮತ್ತೆ ಪ್ರಯತ್ನಿಸುತ್ತದೆ, ಮತ್ತೆ ‘ಬೇಡ’. ಹೀಗೆ ಕೆಲವು ಸುತ್ತು ಆದ ಮೇಲೆ ಅದು ಮೆಚ್ಚಿನ ಕಂಪನಿಯನ್ನು ಹಿಡಿಯುತ್ತದೆ. ಅದು ಸಿಗದಿದ್ದರೆ ಕೊನೆಗೆ ಸಿಕ್ಕಿದ್ದಕ್ಕೇ ಒಪ್ಪಿಗೆ ಸಿಗುತ್ತದೆ.

ಹೊರಗಿನಿಂದ ನೋಡುವವರಿಗೆ ಇದು ‘ನೋ ಸರ್ವಿಸ್’. ಗಾಬರಿಯಿಂದ ಏರೋಪ್ಲೇನ್ ಮೋಡನ್ನು ಪದೇ ಪದೇ ಹಾಕಿ ತೆಗೆದರೆ ಆ ಸುತ್ತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಐದು ನಿಮಿಷ ಫೋನನ್ನು ಅದರ ಪಾಡಿಗೆ ಬಿಡುವುದು ಒಳ್ಳೆಯದು. ಆಮೇಲೂ ಹಿಡಿಯದಿದ್ದರೆ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆಯ ‘ಆಟೊಮ್ಯಾಟಿಕ್’ ತೆಗೆದು, ಬರುವ ಪಟ್ಟಿಯಿಂದ ನಿಮ್ಮ ಪ್ಯಾಕಿನಲ್ಲಿ ಹೇಳಿರುವ ಕಂಪನಿಯನ್ನು ಕೈಯಾರೆ ಆರಿಸಿ. ಒಮ್ಮೆ ನಿರಾಕರಣೆಯಾದ ಕಂಪನಿಯ ಹೆಸರನ್ನು ಸಿಮ್ ಬರೆದಿಟ್ಟುಕೊಂಡು, ತಾನಾಗಿ ಮತ್ತೆ ಅದರ ಹತ್ತಿರ ಹೋಗದಿರುವುದುಂಟು. ಕೈಯಾರೆ ಆರಿಸಿದಾಗ ಆ ಗಂಟು ಬಿಚ್ಚಿಕೊಳ್ಳುತ್ತದೆ.

ಕಡ್ಡಿ ತುಂಬಿದ್ದರೂ ನೆಟ್ ಬಾರದಿರುವುದು ಯಾಕೆ

ಅತಿ ಹೆಚ್ಚು ಜನ ಎಡವುವ ಜಾಗ ಇದು. ಕಡ್ಡಿ ತೋರಿಸುವುದು ಟವರಿನ ಜೊತೆಗಿನ ಸಂಪರ್ಕವನ್ನು ಮಾತ್ರ. ಅಲ್ಲಿಂದ ಮುಂದೆ ಇಂಟರ್ನೆಟ್ಟಿಗೆ ದಾರಿ ತೆರೆದಿದೆಯೋ ಇಲ್ಲವೋ ಎಂದು ಅದು ಹೇಳುವುದಿಲ್ಲ.

ಮೊದಲು ನೋಡಬೇಕಾದ್ದು ‘ಡೇಟಾ ರೋಮಿಂಗ್’ ಎಂಬ ಪುಟ್ಟ ಸ್ವಿಚ್ಚು. ‘ಮೊಬೈಲ್ ಡೇಟಾ’ ಆನ್ ಇದ್ದರೆ ಸಾಲದು. ಇದು ಬೇರೆಯೇ ಸ್ವಿಚ್ಚು, ಮತ್ತು ಅನಗತ್ಯ ಬಿಲ್ ಬರದಿರಲೆಂದು ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಎರಡು ಸಿಮ್ ಇರುವ ಫೋನಿನಲ್ಲಿ ಒಂದೊಂದು ಸಿಮ್ಮಿಗೂ ಒಂದೊಂದು ಸ್ವಿಚ್ಚು ಇರುತ್ತದೆ. ಎಷ್ಟೋ ಸಲ ಆನ್ ಮಾಡಿರುವುದು ಬೇರೆ ಸಿಮ್ಮಿನದು.

ಎರಡನೆಯದು ಎಪಿಎನ್. ಫೋನು ಇಂಟರ್ನೆಟ್ ಕೇಳುವಾಗ ‘ಯಾವ ಬಾಗಿಲಿನಿಂದ’ ಎಂದು ಒಂದು ಹೆಸರು ಹೇಳಬೇಕು. ಜಿಯೊದಲ್ಲಿ ಅದು ‘ಜಿಯೊನೆಟ್’, ಬಿಎಸ್‌ಎನ್‌ಎಲ್‌ನಲ್ಲಿ ‘ಬಿಎಸ್‌ಎನ್‌ಎಲ್‌ನೆಟ್’. ಊರಿನಲ್ಲಿ ಇದು ತಾನಾಗಿ ತುಂಬಿಕೊಂಡಿರುವುದರಿಂದ ಇಂಥದ್ದೊಂದು ಇದೆ ಎಂದೇ ನಮಗೆ ಗೊತ್ತಿರುವುದಿಲ್ಲ. ಹೊರದೇಶದ ಸಿಮ್ ಅಥವಾ ಇ-ಸಿಮ್ ಹಾಕಿದಾಗ ಆ ಜಾಗ ಖಾಲಿ ಉಳಿದಿದ್ದರೆ, ಇಲ್ಲವೇ ಹಳೆಯ ಹೆಸರೇ ಇದ್ದರೆ, ಕಡ್ಡಿ ತುಂಬಿ ತುಳುಕುತ್ತಿದ್ದರೂ ಒಂದು ಪುಟವೂ ತೆರೆಯುವುದಿಲ್ಲ. ಸಿಮ್ ಕೊಟ್ಟವರ ಸೂಚನೆಯಲ್ಲಿ ಈ ಹೆಸರು ಒಂದು ಸಾಲಿನಲ್ಲಿ ಬರೆದಿರುತ್ತದೆ. ಅಕ್ಷರ ತಪ್ಪದಂತೆ, ನಡುವೆ ಜಾಗ ಬಿಡದಂತೆ ತುಂಬಬೇಕು. ಒಂದು ಚುಕ್ಕಿ ಹೆಚ್ಚಾದರೂ ಕೆಲಸ ಆಗುವುದಿಲ್ಲ.

ಮೂರನೆಯದು ಒಪ್ಪಂದದ ವ್ಯಾಪ್ತಿ. ‘ಈ ಪ್ಯಾಕ್ ಇಂತಿಂಥ ದೇಶಗಳಲ್ಲಿ’ ಎಂಬುದನ್ನು ನಾವು ಓದುತ್ತೇವೆ. ಆ ದೇಶದಲ್ಲಿ ಯಾವ ಕಂಪನಿಯ ನೆಟ್‌ವರ್ಕಿನಲ್ಲಿ ಎಂಬ ಇನ್ನೊಂದು ಪಟ್ಟಿ ಕೆಳಗಿರುತ್ತದೆ, ಅದನ್ನು ಓದುವವರು ಕಡಿಮೆ. ಪಟ್ಟಿಯಲ್ಲಿಲ್ಲದ ಕಂಪನಿಯ ಟವರಿಗೆ ಫೋನು ಅಂಟಿಕೊಂಡರೆ ಡೇಟಾ ಬಾರದಿರಬಹುದು, ಅಥವಾ ಪ್ಯಾಕಿನ ಹೊರಗಿನ ದುಬಾರಿ ದರ ಬೀಳಬಹುದು.

ಇನ್ನು ಫೋನಿನದೇ ಮಿತಿಗಳಿವೆ. ಭಾರತದಲ್ಲಿ ಮಾರುವ ಫೋನುಗಳನ್ನು ಇಲ್ಲಿನ ತರಂಗಾಂತರಗಳಿಗೆ ಹೊಂದಿಸಿರುತ್ತಾರೆ. ಅಮೆರಿಕದ ಹಳ್ಳಿಗಾಡಿನಲ್ಲಿ ದೂರದವರೆಗೆ ಹರಡುವ 600 ಮೆಗಾಹರ್ಟ್ಸ್‌ನ ‘ಬ್ಯಾಂಡ್ 71’ ಇಲ್ಲಿನ ಎಷ್ಟೋ ಅಗ್ಗದ ಫೋನುಗಳಲ್ಲಿ ಇಲ್ಲ. ಪಕ್ಕದಲ್ಲಿ ಕುಳಿತ ಮಗನ ಫೋನಿಗೆ ನೆಟ್ ಬರುತ್ತದೆ, ಅಪ್ಪನ ಫೋನಿಗೆ ಬರುವುದಿಲ್ಲ. ಸಿಮ್ ಒಂದೇ ಕಂಪನಿಯದಾಗಿದ್ದರೂ ಸರಿ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೂ ಆಸ್ಟ್ರೇಲಿಯಾದ ಕಂಪನಿಗಳು 2024ರಲ್ಲೂ 3ಜಿ ಮುಚ್ಚಿಬಿಟ್ಟವು. ಹಾಗಾಗಿ ಅಲ್ಲಿ ಕರೆಯೂ 4ಜಿಯ ಮೇಲೆಯೇ ಹೋಗಬೇಕು. ಹಳೆಯ ಫೋನು ಅದಕ್ಕೆ ಒಗ್ಗದಿದ್ದರೆ ನೆಟ್ ಬಂದರೂ ಕರೆ ಬರುವುದಿಲ್ಲ.

ಡೇಟಾ ಭಾರತಕ್ಕೆ ಬಂದು ಮತ್ತೆ ಹೋಗುತ್ತದೆ

ಇದು ಬಹುತೇಕ ಪ್ರಯಾಣಿಕರಿಗೆ ಗೊತ್ತಿಲ್ಲದ ಸಂಗತಿ, ಹಲವು ವಿಚಿತ್ರಗಳಿಗೆ ಉತ್ತರವೂ ಇದರಲ್ಲೇ ಇದೆ. ನೀವು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭಾರತದ ಸಿಮ್ಮಿನಿಂದ ಒಂದು ಪುಟ ತೆರೆದರೆ, ಆ ಬೇಡಿಕೆ ಸಾಮಾನ್ಯವಾಗಿ ಅಲ್ಲಿನ ಟವರಿನಿಂದ ನೇರವಾಗಿ ಇಂಟರ್ನೆಟ್ಟಿಗೆ ಇಳಿಯುವುದಿಲ್ಲ. ಅಲ್ಲಿನ ಕಂಪನಿ ಅದನ್ನು ಮುಚ್ಚಿದ ಲಕೋಟೆಯ ಹಾಗೆ ಭಾರತದಲ್ಲಿರುವ ನಿಮ್ಮ ಕಂಪನಿಯ ಗೇಟ್‌ವೇಗೆ ಕಳಿಸುತ್ತದೆ. ಇಂಟರ್ನೆಟ್ಟಿಗೆ ಬಾಗಿಲು ತೆರೆಯುವುದು ಅಲ್ಲಿ. ಉದ್ರಿ ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ, ಪರ ಊರಿನ ಅಂಗಡಿಯವರು ನಿಮ್ಮ ಕೈಗೆ ಕೊಡುವ ಅಕ್ಕಿಯನ್ನೂ ನಿಮ್ಮೂರಿನ ಅಂಗಡಿಯಿಂದಲೇ ತರಿಸಿ ಕೊಡುತ್ತಾರೆ.

ಹೀಗೆ ಮಾಡುವುದಕ್ಕೆ ಕಾರಣಗಳಿವೆ. ಎಷ್ಟು ಡೇಟಾ ಹೋಯಿತೆಂದು ನಿಮ್ಮ ಕಂಪನಿ ತಾನೇ ಅಳೆಯಬಹುದು, ಪ್ಯಾಕ್ ಮುಗಿದ ಕ್ಷಣ ನಿಲ್ಲಿಸಬಹುದು, ದೇಶದ ಕಾನೂನಿನಂತೆ ದಾಖಲೆ ಇಡಬಹುದು. ಬೆಲೆ ತೆರುವುದು ವೇಗ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿ.ಮೀ. ನೀವು ತೆರೆದ ಪುಟ ಕ್ಯಾಲಿಫೋರ್ನಿಯಾದ ಸರ್ವರಿನಲ್ಲೇ ಇದ್ದರೂ ಬೇಡಿಕೆ ಭಾರತಕ್ಕೆ ಬರಬೇಕು, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು, ಉತ್ತರ ಭಾರತಕ್ಕೆ ಬರಬೇಕು, ಮತ್ತೆ ನಿಮ್ಮ ಕೈಗೆ ತಲುಪಬೇಕು. ಒಟ್ಟು 56,000 ಕಿ.ಮೀ. ಗಾಜಿನ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಅಂದರೆ ಏನೂ ಅಡ್ಡಿಯಿಲ್ಲದಿದ್ದರೂ ಒಂದು ಸುತ್ತಿಗೆ 0.28 ಸೆಕೆಂಡ್ ಬೇಕು, ಕೇಬಲ್ಲು ನೇರವಾಗಿ ಹೋಗದ ಕಾರಣ ವಾಸ್ತವದಲ್ಲಿ ಇನ್ನೂ ಹೆಚ್ಚು. ಒಂದು ಪುಟ ತೆರೆಯಲು ಇಂಥ ಹಲವು ಸುತ್ತು ಬೇಕು. ‘5ಜಿ ಎಂದು ತೋರಿಸುತ್ತಿದೆ, ಆದರೂ ಎಳೆಯುತ್ತದೆ’ ಎಂಬ ದೂರಿನ ಮೂಲ ಇಲ್ಲಿದೆ. ಟವರಿನವರೆಗೆ 5ಜಿಯೇ ಇರುತ್ತದೆ, ಆಮೇಲಿನ ದಾರಿ ಉದ್ದ.

ಇದೇ ಕಾರಣಕ್ಕೆ ಇನ್ನೊಂದು ವಿಚಿತ್ರವೂ ನಡೆಯುತ್ತದೆ. ಯುಎಇಯಲ್ಲಿ ಸ್ಥಳೀಯ ಸಿಮ್ ಹಾಕಿದವರು ವಾಟ್ಸಾಪಿನಲ್ಲಿ ಸಂದೇಶ ಕಳಿಸಬಹುದು, ಆದರೆ ಕರೆ ಮಾಡಿದರೆ ಸೇರುವುದಿಲ್ಲ. ಇಂಟರ್ನೆಟ್ ಕರೆಗೆ ಅಲ್ಲಿನ ನಿಯಮ ಅನುಮತಿಸಿದ ಆ್ಯಪ್‌ಗಳೇ ಬೇಕು. ದುಬೈ, ಅಬುಧಾಬಿಯಲ್ಲಿ ದುಡಿಯುವ ಮಂಗಳೂರು, ಉಡುಪಿ, ಭಟ್ಕಳದವರಿಗೆ ಇದು ದಿನನಿತ್ಯದ ಅನುಭವ. ಆದರೆ ಊರಿನಿಂದ ನೋಡಲು ಬಂದ ತಮ್ಮ, ಭಾರತದ ಸಿಮ್ಮಿನ ರೋಮಿಂಗಿನಲ್ಲಿದ್ದರೆ ಅವನ ಫೋನಿನಲ್ಲಿ ಕರೆ ಸೇರುವುದುಂಟು. ಅವನ ಡೇಟಾ ಇಂಟರ್ನೆಟ್ಟಿಗೆ ಇಳಿಯುವುದು ಭಾರತದಲ್ಲಿ. ಗೂಗಲ್, ವಾಟ್ಸಾಪ್‌ಗಳನ್ನು ತಡೆದಿರುವ ಚೀನಾದಲ್ಲೂ ರೋಮಿಂಗ್ ಸಿಮ್ಮಿನಲ್ಲಿ ಅವು ತೆರೆಯುವುದು ಇದರಿಂದಲೇ. ಅಲ್ಲಿ ಹೋಟೆಲ್ಲಿನ ವೈಫೈಗೆ ಬದಲಾದರೆ ಅದೇ ಫೋನಿನಲ್ಲಿ ಎಲ್ಲವೂ ನಿಲ್ಲುತ್ತದೆ.

ದುಡ್ಡಿನ ಲೆಕ್ಕ

ಪ್ಯಾಕ್ ಇಲ್ಲದೆ ಬಳಸಿದ ಡೇಟಾಕ್ಕೆ ಎಂಬಿ ಲೆಕ್ಕದಲ್ಲಿ, ಕೆಲವೊಮ್ಮೆ ಕೆಬಿ ಲೆಕ್ಕದಲ್ಲಿ ದರ ಬೀಳುತ್ತದೆ. ಉದಾಹರಣೆಗೆ 1 ಎಂಬಿಗೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಮನೆಯವರ ಗ್ರೂಪಿಗೆ ಯಾರೋ ಕಳಿಸಿದ 16 ಎಂಬಿಯ ಹುಟ್ಟುಹಬ್ಬದ ವಿಡಿಯೊ ತಾನಾಗಿ ಡೌನ್‌ಲೋಡ್ ಆದರೆ 8,000 ರೂಪಾಯಿ. ಫೋನನ್ನು ಕೈಯಲ್ಲಿ ಹಿಡಿಯದಿದ್ದರೂ ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್, ಮೇಲ್ ಎಲ್ಲವೂ ಹಿಂದೆ ನಡೆಯುತ್ತಲೇ ಇರುತ್ತವೆ.

ದರ ಇಷ್ಟೇಕೆ ಎಂದರೆ, ಇದರಲ್ಲಿ ಇಬ್ಬರಿಗೆ ಹಣ ಹೋಗುತ್ತದೆ. ಟವರ್ ಕೊಟ್ಟ ಕಂಪನಿ ನಿಮ್ಮ ಕಂಪನಿಗೆ ಸಗಟು ದರ ಹಾಕುತ್ತದೆ, ನಿಮ್ಮ ಕಂಪನಿ ಅದರ ಮೇಲೆ ತನ್ನದನ್ನು ಸೇರಿಸುತ್ತದೆ. ಆ ಸಗಟು ದರ ಎರಡು ಖಾಸಗಿ ಕಂಪನಿಗಳ ನಡುವಿನ ಚೌಕಾಸಿ. ಭಾರತದ ದೂರಸಂಪರ್ಕ ನಿಯಂತ್ರಕ ಟ್ರಾಯ್ ಥಾಯ್ಲೆಂಡಿನ ಕಂಪನಿಗೆ ಮಿತಿ ಹೇರಲಾಗದು, ಅಲ್ಲಿನ ನಿಯಂತ್ರಕರು ಭಾರತದ ಕಂಪನಿಗೆ ಹೇರಲಾಗದು. ಎರಡೂ ಬದಿಯನ್ನು ಒಟ್ಟಿಗೆ ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಐರೋಪ್ಯ ಒಕ್ಕೂಟ ಒಳ್ಳೆಯ ಸಾಕ್ಷಿ. ಅಲ್ಲಿ 2017ರ ಜೂನ್ 15ರಿಂದ ಒಂದು ಸದಸ್ಯ ದೇಶದ ಸಿಮ್ಮನ್ನು ಇನ್ನೊಂದು ಸದಸ್ಯ ದೇಶದಲ್ಲಿ ಮನೆಯ ದರದಲ್ಲೇ ಬಳಸಬಹುದು. ಕಂಪನಿಗಳು ಪರಸ್ಪರ ಹಾಕುವ ಸಗಟು ದರಕ್ಕೂ ಕಾನೂನಿನ ಮಿತಿ ಇದೆ: 2022ರಲ್ಲಿ 1 ಜಿಬಿಗೆ 2 ಯೂರೊ ಇದ್ದದ್ದು ವರ್ಷವರ್ಷ ಇಳಿದು 2027ಕ್ಕೆ 1 ಯೂರೊ ಆಗಬೇಕು. 1 ಜಿಬಿ ಎಂದರೆ 1,000 ಎಂಬಿ ಎಂಬುದನ್ನು ನೆನೆದರೆ, ರೋಮಿಂಗಿನ ದುಬಾರಿತನ ತಂತ್ರಜ್ಞಾನದಿಂದ ಬಂದದ್ದಲ್ಲ, ಚೌಕಾಸಿಯಿಂದ ಬಂದದ್ದು ಎಂದು ಸ್ಪಷ್ಟವಾಗುತ್ತದೆ. ಈ ಅನುಕೂಲ ಅಲ್ಲಿನ ಸಿಮ್ಮಿಗೆ ಮಾತ್ರ, ಭಾರತದ ಸಿಮ್ಮಿಗೆ ಇಲ್ಲ.

ಯುರೋಪ್ ಪ್ರವಾಸಕ್ಕೆ ಹೋಗುವ ನಮ್ಮವರು ಸಿಕ್ಕಿಬೀಳುವ ಒಂದು ಜಾಗ ಸ್ವಿಟ್ಜರ್ಲೆಂಡ್. ಅದು ಐರೋಪ್ಯ ಒಕ್ಕೂಟದಲ್ಲಿಲ್ಲ, ಈಗ ಬ್ರಿಟನ್ ಕೂಡ ಇಲ್ಲ. ಪ್ಯಾರಿಸ್‌ನಲ್ಲಿ ಕೊಂಡ ‘ಯುರೋಪ್’ ಸಿಮ್ಮು ಯುಂಗ್‌ಫ್ರಾವ್ ಏರುವ ಹೊತ್ತಿಗೆ ಮೌನವಾಗಬಹುದು. ಕೊಳ್ಳುವಾಗ ಪಟ್ಟಿಯಲ್ಲಿ ಆ ಎರಡು ಹೆಸರು ಇವೆಯೇ ಎಂದು ಹುಡುಕಿ ನೋಡಿ.

ಇದಕ್ಕಿಂತ ಅಪಾಯದ ಜಾಗ ಹಡಗು ಮತ್ತು ವಿಮಾನ. ಸಿಂಗಪುರದಿಂದ ಕ್ರೂಸ್ ಹತ್ತಿದರೆ, ದಡ ದೂರವಾದ ಮೇಲೆ ಹಡಗಿನೊಳಗಿನ ಪುಟ್ಟ ಟವರ್ ಚಾಲೂ ಆಗುತ್ತದೆ. ಅದು ಉಪಗ್ರಹದ ಮೂಲಕ ಕೆಲಸ ಮಾಡುವ ಬೇರೆಯೇ ನೆಟ್‌ವರ್ಕ್. ಅದರ ಸಂಕೇತ 901, ಅಂದರೆ ಯಾವ ದೇಶಕ್ಕೂ ಸೇರದ್ದು. ನಿಮ್ಮ ಸಿಂಗಪುರ ಪ್ಯಾಕ್ ಅಲ್ಲಿ ಲೆಕ್ಕಕ್ಕಿಲ್ಲ. ಫೋನು ಕೇಳದೆ ಅದಕ್ಕೆ ಅಂಟಿಕೊಳ್ಳುತ್ತದೆ. ಹಡಗಿನಲ್ಲೂ ವಿಮಾನದಲ್ಲೂ ಏರೋಪ್ಲೇನ್ ಮೋಡ್ ಹಾಕಿ, ಬೇಕಿದ್ದರೆ ವೈಫೈ ಮಾತ್ರ ಆನ್ ಮಾಡುವುದು ಕ್ಷೇಮ.

ಪೋಸ್ಟ್‌ಪೇಯ್ಡ್‌ನವರು ಇನ್ನೊಂದು ತಿಳಿದಿರಬೇಕು. ಹೊರದೇಶದ ಕಂಪನಿ ತನ್ನ ಲೆಕ್ಕದ ಕಡತಗಳನ್ನು ಕಂತುಕಂತಾಗಿ ಕಳಿಸುತ್ತದೆ. ಹಾಗಾಗಿ ಪ್ರವಾಸದ ಕರೆಗಳ ಲೆಕ್ಕ ಮುಂದಿನ ತಿಂಗಳ ಬಿಲ್ಲಿನಲ್ಲಿ ಬರುವುದುಂಟು. ವಿದೇಶದಲ್ಲಿ ಒಳಬರುವ ಕರೆಗೂ ದುಡ್ಡು ಬೀಳುತ್ತದೆ ಎಂಬುದು ಹಲವರಿಗೆ ಆ ಬಿಲ್ ನೋಡಿದಾಗಲೇ ಗೊತ್ತಾಗುವುದು.

ಅಲ್ಲಿನ ಸಿಮ್ಮೋ, ಇ-ಸಿಮ್ಮೋ

ರೋಮಿಂಗ್ ಬೇಡವೆಂದರೆ ಅಲ್ಲಿನ ಸಿಮ್ ಕೊಳ್ಳಬಹುದು. ಪಾಸ್‌ಪೋರ್ಟ್ ತೋರಿಸಬೇಕು, ಕೆಲವು ಕಡೆ ಫೋಟೊ, ಬೆರಳಚ್ಚು ಕೂಡ. ಡೇಟಾ ಅಲ್ಲೇ ಇಂಟರ್ನೆಟ್ಟಿಗೆ ಇಳಿಯುವುದರಿಂದ ವೇಗ ಚೆನ್ನಾಗಿರುತ್ತದೆ, ದರವೂ ಕಡಿಮೆ. ವಾರಕ್ಕಿಂತ ಹೆಚ್ಚು ಒಂದೇ ದೇಶದಲ್ಲಿ ಉಳಿಯುವವರಿಗೆ ನನ್ನ ಮಟ್ಟಿಗೆ ಇದೇ ಉತ್ತಮ.

ಇ-ಸಿಮ್ ಎಂದರೆ ಪ್ಲಾಸ್ಟಿಕ್ ಚೂರಿನ ಬದಲು ಫೋನಿನೊಳಗೇ ಬೆಸೆದಿರುವ ಚಿಪ್ಪಿಗೆ ಸಿಮ್ಮಿನ ಮಾಹಿತಿಯನ್ನು ಇಂಟರ್ನೆಟ್ ಮೂಲಕ ಇಳಿಸಿಕೊಳ್ಳುವುದು. ಅನುಕೂಲವೇನೋ ದೊಡ್ಡದು. ಆದರೆ ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಮತ್ತು ಎಷ್ಟೋ ಸಲ ಮೇಲ್‌ಗೆ ಬಂದ ಕ್ಯೂಆರ್ ಕೋಡನ್ನು ಅದೇ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಬೇಕಾಗುತ್ತದೆ. ಕೋಡ್ ಇರುವುದೂ ಅದೇ ಫೋನಿನ ಪರದೆಯಲ್ಲಿ! ಒಬ್ಬರೇ ಪ್ರಯಾಣಿಸುವವರು ವಿಮಾನ ನಿಲ್ದಾಣದಲ್ಲಿ ನಿಂತು ಬೆವರುವುದು ಇದಕ್ಕೇ. ಮನೆಯಲ್ಲೇ ಕೋಡ್ ಪ್ರಿಂಟ್ ತೆಗೆದೋ ಲ್ಯಾಪ್‌ಟಾಪಿನಲ್ಲಿ ತೆರೆದೋ ಇ-ಸಿಮ್ ಹಾಕಿಟ್ಟುಕೊಂಡು, ಅಲ್ಲಿ ಇಳಿದ ಮೇಲೆ ಆನ್ ಮಾಡಿಕೊಳ್ಳುವುದು ಜಾಣತನ.

ಪ್ರವಾಸಿಗಳಿಗೆಂದು ಮಾರುವ ಇ-ಸಿಮ್‌ಗಳಲ್ಲಿ ಹೆಚ್ಚಿನವು ನೀವು ಹೋಗುವ ದೇಶದವೇ ಅಲ್ಲ. ಬೇರೆ ಯಾವುದೋ ಮೂರನೆಯ ದೇಶದ ಕಂಪನಿಯ ಸಿಮ್ಮು ಅಲ್ಲಿ ರೋಮಿಂಗಿನಲ್ಲಿರುತ್ತದೆ. ಹಾಗಾಗಿ ಅವಕ್ಕೂ ಡೇಟಾ ರೋಮಿಂಗ್ ಸ್ವಿಚ್ ಆನ್ ಇರಬೇಕು. ಇಲ್ಲಿ ಎಚ್ಚರ: ಆನ್ ಮಾಡಬೇಕಾದ್ದು ಇ-ಸಿಮ್ಮಿನದು, ಭಾರತದ ಸಿಮ್ಮಿನದು ಆಫ್ ಇರಬೇಕು. ಐಫೋನಿನಲ್ಲಿ ಒಂದು ಸಿಮ್ಮಿನ ನೆಟ್ ದುರ್ಬಲವಾದಾಗ ಇನ್ನೊಂದಕ್ಕೆ ತಾನಾಗಿ ಬದಲಾಗುವ ಸೌಲಭ್ಯವಿದೆ, ಅದನ್ನೂ ತೆಗೆದಿಡಿ. ‘ಅನ್‌ಲಿಮಿಟೆಡ್’ ಎಂದು ಬರೆದಿದ್ದರೆ ದಿನಕ್ಕೆ ಎಷ್ಟು ಜಿಬಿಯ ನಂತರ ವೇಗ ಇಳಿಸುತ್ತಾರೆ, ಹಾಟ್‌ಸ್ಪಾಟ್ ಕೊಡಬಹುದೇ ಎಂದು ಸಣ್ಣಕ್ಷರದಲ್ಲಿ ನೋಡಿ. ಇಂಥ ಹೆಚ್ಚಿನ ಇ-ಸಿಮ್‌ಗಳಿಗೆ ಫೋನ್ ನಂಬರ್ ಇರುವುದಿಲ್ಲ, ಡೇಟಾ ಮಾತ್ರ.

ವಿದೇಶಿ ಕಂಪನಿಗಳ ಸಿಮ್ಮನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ಲದೆ ಮಾರುತ್ತಿದ್ದ ಎರಡು ಪ್ರಮುಖ ಇ-ಸಿಮ್ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಇಲ್ಲಿ ತಡೆಯಲಾಯಿತು. ಕೊಳ್ಳುವ ಮುನ್ನ ಮಾರುವವರಿಗೆ ಅನುಮತಿ ಇದೆಯೇ ಎಂದು ಕೇಳುವುದು ತಪ್ಪಲ್ಲ.

ಅಮೆರಿಕದಿಂದ ಮಕ್ಕಳು ತಂದುಕೊಡುವ ಐಫೋನುಗಳ ಬಗ್ಗೆ ಒಂದು ಮಾತು. 2022ರ ಐಫೋನ್ 14ರಿಂದ ಈಚೆಗೆ ಅಲ್ಲಿ ಮಾರುವ ಐಫೋನುಗಳಿಗೆ ಸಿಮ್ ತೂರಿಸುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಅಂಥ ಫೋನ್ ಹಿಡಿದು ಕಾಠ್ಮಂಡುವಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಸಿಮ್ ಕೊಂಡರೆ ಹಾಕಲು ಜಾಗವಿರುವುದಿಲ್ಲ. ಕಂತಿನಲ್ಲಿ ಕೊಂಡ ಫೋನು ಕಂಪನಿಗೆ ಲಾಕ್ ಆಗಿದ್ದರೆ ಬೇರೆ ಸಿಮ್ಮನ್ನೇ ಒಪ್ಪುವುದಿಲ್ಲ.

ಓಟಿಪಿಗಾಗಿ ಬದುಕಿರಬೇಕಾದ ನಂಬರ್

ಡೇಟಾ ಎಲ್ಲಿಂದ ಬಂದರೂ ನಡೆಯುತ್ತದೆ. ಬ್ಯಾಂಕಿನ ಓಟಿಪಿ ಮಾತ್ರ ಭಾರತದ ನಂಬರಿಗೇ ಬರಬೇಕು. ಒಳಬರುವ ಎಸ್ಸೆಮ್ಮೆಸ್ಸಿಗೆ ಬಹುತೇಕ ಕಂಪನಿಗಳು ದುಡ್ಡು ಹಾಕುವುದಿಲ್ಲ, ಆದರೆ ಆ ಸಿಮ್ ರೋಮಿಂಗಿಗೆ ತೆರೆದಿರಬೇಕು ಮತ್ತು ಅಲ್ಲಿನ ಯಾವುದಾದರೂ ಟವರಿನಲ್ಲಿ ನೋಂದಣಿ ಆಗಿರಬೇಕು. ಡೇಟಾ ರೋಮಿಂಗ್ ಆಫ್ ಇದ್ದರೂ ಎಸ್ಸೆಮ್ಮೆಸ್ ಬರುತ್ತದೆ. ಎರಡರ ದಾರಿ ಬೇರೆ.

ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಆರು ತಿಂಗಳು ಹೋಗುವ ಹಿರಿಯರ ವಿಷಯದಲ್ಲಿ ಇದು ನಿಜಕ್ಕೂ ಗಂಭೀರ. ಅಮೆರಿಕದಲ್ಲಿ ಮಗಳ ಫ್ಯಾಮಿಲಿ ಪ್ಲಾನಿನ ಸಿಮ್ ಸಿಕ್ಕ ಮೇಲೆ ಭಾರತದ ಸಿಮ್ಮನ್ನು ತೆಗೆದು ಪರ್ಸಿನಲ್ಲಿಡುತ್ತಾರೆ. ಟ್ರಾಯ್ ನಿಯಮದಂತೆ ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಯಾವುದಕ್ಕೂ ಬಳಸದಿದ್ದರೆ ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಉಳಿದಿದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದುವರಿಸಬೇಕು. ರದ್ದಾದ ನಂಬರ್ ಸ್ವಲ್ಪ ಕಾಲದ ನಂತರ ಬೇರೆಯವರ ಕೈ ಸೇರುತ್ತದೆ. ಪಿಂಚಣಿ ಖಾತೆ, ಠೇವಣಿ, ಆಧಾರ್ ಎಲ್ಲವೂ ಕಟ್ಟಿಕೊಂಡಿರುವುದು ಆ ನಂಬರಿಗೆ. ಹೊರಡುವ ಮುನ್ನ ವಾಪಸ್ ಬರುವ ದಿನಾಂಕ ದಾಟುವಷ್ಟು ವ್ಯಾಲಿಡಿಟಿ ಇರುವ ರೀಚಾರ್ಜ್ ಮಾಡಿಸಿ. ರೋಮಿಂಗ್ ಪ್ಯಾಕ್ ಕೊಂಡಿದ್ದರೂ ಮೂಲ ರೀಚಾರ್ಜ್ ಮುಗಿದರೆ ಸೇವೆ ನಿಲ್ಲಬಹುದು.

ಸಿಮ್ಮನ್ನು ಪರ್ಸಿನಲ್ಲಿಡಬಾರದು ಎನ್ನಲು ಇನ್ನೊಂದು ಕಾರಣ: ವಾಟ್ಸಾಪ್, ಟೆಲಿಗ್ರಾಂನಂಥ ಆ್ಯಪ್‌ಗಳು ನೋಂದಾಯಿಸಿದ ಸಿಮ್ ಫೋನಿನಲ್ಲಿದ್ದಾಗ ಮಾತ್ರ ನಡೆಯುವಂತೆ ಮಾಡಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಸೂಚಿಸಿತು. ಎರಡು ಸಿಮ್ಮಿನ ಫೋನಿನಲ್ಲಿ ಒಂದು ಜಾಗ ಭಾರತದ ಸಿಮ್ಮಿಗೇ ಮೀಸಲಿಡುವುದು ಒಳ್ಳೆಯದು.

ಯುಪಿಐ ಆ್ಯಪನ್ನು ಹೊಸ ಫೋನಿನಲ್ಲಿ ಹಾಕಿದಾಗ ಅದು ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಕಳಿಸುತ್ತದೆ. ವಿದೇಶದಿಂದ ಅದು ಹೋಗದೆ ನೋಂದಣಿ ನಿಲ್ಲುವುದು ಸಾಮಾನ್ಯ. ಹೊಸ ಫೋನ್ ಕೊಂಡಿದ್ದರೆ ಇಲ್ಲೇ ಎಲ್ಲ ಹೊಂದಿಸಿಕೊಂಡು ಹೊರಡಿ, ಅಲ್ಲಿ ಆ್ಯಪನ್ನು ಅಳಿಸಿ ಮತ್ತೆ ಹಾಕಲು ಹೋಗಬೇಡಿ. ಭಾರತದ ನಂಬರ್ ಇ-ಸಿಮ್ಮಿನಲ್ಲಿದ್ದರೆ ಅದನ್ನಂತೂ ಯಾವ ಕಾರಣಕ್ಕೂ ಡಿಲೀಟ್ ಮಾಡಬೇಡಿ, ಮತ್ತೆ ಪಡೆಯಲು ಅದೇ ನಂಬರಿಗೆ ಓಟಿಪಿ ಕೇಳಬಹುದು.

ಹೊರಡುವ ಹಿಂದಿನ ದಿನ

ಹೋಟೆಲ್ ವಿಳಾಸ, ವಿಮಾನದ ಟಿಕೆಟ್, ಆಗಮನ ಕಾರ್ಡು, ವಿಮೆ, ಎಲ್ಲವನ್ನೂ ಫೋನಿಗೇ ಇಳಿಸಿಕೊಂಡು, ಮುಖ್ಯವಾದವನ್ನು ಕಾಗದದಲ್ಲೂ ಇಟ್ಟುಕೊಳ್ಳಿ. ಹೋಗುವ ನಗರದ ನಕ್ಷೆಯನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದೆಯೂ ದಾರಿ ತೋರಿಸುತ್ತದೆ. ವಾಟ್ಸಾಪಿನಲ್ಲಿ ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಪ್ಯಾಕಿನ ಪುಟವನ್ನು, ಅದರಲ್ಲೂ ಪಾಲುದಾರ ಕಂಪನಿಗಳ ಪಟ್ಟಿ ಮತ್ತು ಎಪಿಎನ್ ಇರುವ ಸಾಲನ್ನು, ಸ್ಕ್ರೀನ್‌ಶಾಟ್ ತೆಗೆದಿಡಿ. ಪ್ಯಾಕಿನ ‘ಒಂದು ದಿನ’ ಎಂದರೆ ಮೊದಲ ಬಳಕೆಯಿಂದ 24 ಗಂಟೆಯೋ, ತಾರೀಕಿನ ಲೆಕ್ಕವೋ ಎಂದು ಮೊದಲೇ ಕೇಳಿಕೊಳ್ಳಿ.

ಇಷ್ಟಾದ ಮೇಲೂ ನೆಟ್ ಬಾರದಿದ್ದರೆ ಯಾವುದಾದರೂ ವೈಫೈ ಹಿಡಿದು ಕಂಪನಿಯ ಆ್ಯಪಿನ ಚಾಟ್ ತೆರೆಯಿರಿ. ‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಿದರೆ ‘ಫೋನ್ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರವೇ ಬರುತ್ತದೆ. ಫೋನಿನಲ್ಲಿ ಈಗ ಯಾವ ಕಂಪನಿಯ ಹೆಸರು ಕಾಣುತ್ತಿದೆ, ಡೇಟಾ ರೋಮಿಂಗ್ ಆನ್ ಇದೆಯೇ, ಎಪಿಎನ್ ಜಾಗದಲ್ಲಿ ಏನಿದೆ, ಎಸ್ಸೆಮ್ಮೆಸ್ ಬರುತ್ತಿದೆಯೇ, ಪ್ಯಾಕ್ ಚಾಲ್ತಿಯಾದ ಸಂದೇಶ ಬಂದಿದೆಯೇ ಎಂದು ಒಂದೇ ಸಂದೇಶದಲ್ಲಿ ಬರೆದು ಕಳಿಸಿ. ಎಸ್ಸೆಮ್ಮೆಸ್ ಬರುತ್ತಿದ್ದು ಡೇಟಾ ಮಾತ್ರ ಇಲ್ಲವೆಂದರೆ ‘ನನ್ನ ನಂಬರಿಗೆ ಡೇಟಾ ರೋಮಿಂಗ್ ಅನುಮತಿ ನಿಮ್ಮ ಕಡೆ ತೆರೆದಿದೆಯೇ, ನೋಡಿ’ ಎಂದು ನೇರವಾಗಿ ಕೇಳಿ. ಬಹಳ ಸಲ ಮುಚ್ಚಿರುವುದು ಅದೇ, ಮತ್ತು ಅದನ್ನು ತೆರೆಯಲು ಆಗುವುದು ಅವರಿಗೆ ಮಾತ್ರ.